ಹನ್ನೆರಡು ನಿಮಿಷ

ಪುಣೆ, ಕರ್ವೆ ರಸ್ತೆ. ಚಕ್ಕುಲಿ ಅಂಗಡಿಯ ಮೇಲಿನ ಮಹಡಿ.
ಕಾದ ಎಣ್ಣೆಯ ವಾಸನೆ ಮೆಟ್ಟಿಲೇರಿ ಬಂದು
ನಮ್ಮ ಕ್ರೀಮಿನ ವಾಸನೆಗೆ ಡಿಕ್ಕಿ ಹೊಡೆಯುತ್ತದೆ.
ಒಳಕೋಣೆಯಲ್ಲಿ ಕೆಂಪು ಬೆಳಕಿನ ಹಲಗೆ,
ದಾಳಿಂಬೆ ಸೀಳಿ ಗೋಡೆಗೆ ಮೊಳೆ ಹೊಡೆದಂತೆ.

ನನ್ನ ಕೆಲಸ ಅಲ್ಲಿ. ಮುಖ ಒರೆಸಿ
ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿ
ಒಂದು ಗೇಣು ಅಳೆದು ಗುಂಡಿ ಒತ್ತುವುದು.
ಮುಂದಿನ ಮೇಜಿಗೆ ನನ್ನನ್ನು ಕೂರಿಸಿಲ್ಲ.
ಯಾಕೆಂದು ಅವರು ಹೇಳಿಲ್ಲ, ನಾನು ಕೇಳಿಲ್ಲ.
ಕಿವಿಯಿಂದ ಗದ್ದದವರೆಗೆ ಹುಟ್ಟಾ ಬಂದ ಕೆಂಪು ಮಚ್ಚೆ;
ಅವ್ವ ಅದನ್ನು ಗ್ರಹಣದ ಲೆಕ್ಕಕ್ಕೆ ಬರೆದಿದ್ದಾಳೆ.
ಚರ್ಮದ ದವಾಖಾನೆಯ ಹೊಸ್ತಿಲಲ್ಲೇ ಇದನ್ನು ಕಂಡರೆ
ಗಿರಾಕಿ ಕೆಳಗಿಳಿದು ಚಕ್ಕುಲಿ ಕೊಂಡು ಮನೆಗೆ ಹೋದಾನು.
ಅದಕ್ಕೇ ಮಾಸ್ಕು.

ಮದುವೆಗೆ ಇಪ್ಪತ್ತು ದಿನ ಉಳಿದ ಹುಡುಗಿ,
ಹೆಲ್ಮೆಟ್ ಪಟ್ಟಿಯ ಕೆಳಗೆ ಮೊಡವೆ ಎದ್ದ ಹುಡುಗ,
ಬಾಯಿ ಸುತ್ತಲಿನ ಗೆರೆಗೆ ಕಂತು ಕಟ್ಟುವ
ವಕೀಲೆ ಪರಾಂಜಪೆ ಬಾಯಿ:
"ಸುಕ್ಕು ಹೋಗುತ್ತಲ್ಲ?"
ಕಡಿಮೆ ಆಗಬಹುದು ಅನ್ನುತ್ತೇನೆ. ಹಾಗೇ ಕಲಿಸಿದ್ದಾರೆ.
ಎಂಟು ವಾರ, ವಾರಕ್ಕೆ ಮೂರು ಸಲ,
ಹರಕೆ ಹೊತ್ತವರ ಹಾಗೆ ಮಲಗುತ್ತಾರೆ.

ಗಲಗಲಿ ಕಾಕಾ ಬಂದದ್ದು ಕೂಪನ್ ಹಿಡಿದು.
ಕೋಜಾಗರಿ ರಾತ್ರಿ ಸೊಸೈಟಿಯ ಗಚ್ಚಿಯಲ್ಲಿ
ಮಸಾಲೆ ಹಾಲು ಕುಡಿದು ಎತ್ತಿದ ಚೀಟಿಗೆ
ಪಕ್ಕದವರಿಗೆ ಕುಕ್ಕರ್ ಬಂತಂತೆ, ಇವರಿಗೆ ನಾವು.
"ಎಪ್ಪತ್ತೆಂಟರ ಮಾರಿಗೆ ಏನ ಹೊಳಪ ಕೊಡ್ತೀಯವ್ವಾ?
ಯಾವೂರು?"
"ಚಡಚಣ ರೀ."
"ನಂದು ಗಲಗಲಿ. ಹೆಸರಿನ್ಯಾಗ ಅಷ್ಟ."

ಗುಂಡಿ ಒತ್ತಿದೆ. ಕನ್ನಡಕದ ಸಂದಿಯಿಂದ ಇಣುಕಿ ನಕ್ಕರು.
"ಇದು ನಮ್ಮ ಡಾರ್ಕ್‌ರೂಮ್ ಅಲ್ಲೇನು!"
ಲಕ್ಷ್ಮೀ ರಸ್ತೆಯ ಸ್ಟುಡಿಯೋದಲ್ಲಿ ನಲವತ್ತೊಂದು ವರ್ಷ
ಇಂಥದೇ ಬಲ್ಬಿನ ಕೆಳಗೆ, ಟ್ರೇಯ ನೀರಲ್ಲಿ
ಅರ್ಧ ಪುಣೆಯ ಮುಖ ಅಲ್ಲಾಡಿಸಿದ್ದರು.
"ಕಾಗದಕ್ಕ ಕೆಂಪು ಕಾಣಂಗಿಲ್ಲ, ಗೊತ್ತೇನು? ಕುರುಡ ಅದು."
ಸೀಸದಕಡ್ಡಿ ಸೂಜಿಯಷ್ಟು ಚೂಪು ಮಾಡಿ
ನೆಗೆಟಿವಿನ ಮೇಲೆ ಮೊಡವೆಯ ಗುಂಡಿ ತುಂಬಿದ ಕತೆ,
ಒಬ್ಬಳ ತುಟಿಯ ಮೇಲಿನ ನರುಳ್ಳೆ ಅಳಿಸಿದ ಕತೆ.
ನೋಡಲು ಬಂದ ವರನ ಕಡೆಯವರು
ಪೋಹೆಯ ತಾಟು ಹಾಗೇ ಬಿಟ್ಟು ಎದ್ದು ಹೋದರಂತೆ.
"ಆಕಿ ಅಪ್ಪ ಬಂದು ಫೋಟೋ ಮ್ಯಾಜಿನ ಮ್ಯಾಲ ಇಟ್ಟ.
ರೊಕ್ಕ ವಾಪಸ್ ಕೇಳಲಿಲ್ಲ.
ಕೇಳಿದ್ರ ಛಲೋ ಇತ್ತು."

ಮೂರನೇ ಸಲದಿಂದ ಮುಖ ಬೇಡ ಅಂದರು.
ಔಷಧದ ನೀರು ತಿಂದ ಬೆರಳುಗಳು,
ಬಿರಿದು ಒಣಗಿದ ಕೆರೆಯಂಗಳ,
ಅವನ್ನೇ ಚಾಚಿ ಕೂತರು, ಒಲೆಯ ಮುಂದೆ ಕೂತಂತೆ.
ರಿಜಿಸ್ಟರಿನಲ್ಲಿ ನಾನು ಮುಖ ಎಂದೇ ಬರೆದೆ.

ಕೂಪನ್ನಿನ ಕೊನೆಯ ದಿನ ಕನ್ನಡಕ ತೆಗೆದುಬಿಟ್ಟರು.
ಬಿಸಿಗೆ ನಾನು ಮಾಸ್ಕು ಇಳಿಸಿದ್ದೆ.
ನೋಡಿದರು.
"ಕೆಂಪಿನ್ಯಾಗ ಕೆಂಪು ಕರಗತದ."

ನನಗೆ ಗೊತ್ತು.
ಮೊದಲ ವಾರವೇ, ಊಟದ ಬಿಡುವಿನಲ್ಲಿ ಬಾಗಿಲು ಹಾಕಿ
ಸ್ಟೀಲಿನ ತಟ್ಟೆಯಲ್ಲಿ ನೋಡಿಕೊಂಡಿದ್ದೇನೆ.
ಮಚ್ಚೆ ಇಲ್ಲ. ಬೇರೆ ಯಾರೋ.
ಹನ್ನೆರಡು ನಿಮಿಷ ಅವಳ ಜೊತೆ ರೊಟ್ಟಿ ತಿಂದಿದ್ದೇನೆ,
ವಾರಕ್ಕೆ ಮೂರು ಸಲ, ಬಿಲ್ಲಿಲ್ಲದೆ.

"ಫಿಕ್ಸ್ ಆಗೋ ತನಕಾ ಬಿಳಿ ಲೈಟ್ ಹಚ್ಚಬಾರದು" ಅಂದರು.
"ಆದಮ್ಯಾಲ ಹಚ್ಚಬೇಕವ್ವಾ. ಇಲ್ಲಾಂದ್ರ
ಏನ ತಗದೀವಿ ಅಂತ ಹ್ಯಾಂಗ ಗೊತ್ತಾಗಬೇಕು?"

ಯಂತ್ರ ಕೂಗಿತು. ತಾವೇ ಎದ್ದು ಸ್ವಿಚ್ ಹುಡುಕಿದರು.
ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿತು.
ಒಂದು ಪ್ರಿಂಟನ್ನು ನೋಡುವಷ್ಟು ಹೊತ್ತು ನೋಡಿ
"ಹೂಂ" ಎಂದರು. ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಕೇಳಿದರು.

ಮುಂದಿನವರನ್ನು ಕರೆಯಲು ಹೊರಗೆ ಹೋದೆ.
ಮಾಸ್ಕು ಒಳಗೇ ಉಳಿದದ್ದು ನೆನಪಾದದ್ದು
ಪರಾಂಜಪೆ ಬಾಯಿ ಸುಕ್ಕಿನ ಮಾತು ಅರ್ಧಕ್ಕೆ ಬಿಟ್ಟು
ನನ್ನ ಗದ್ದವನ್ನೇ ನೋಡತೊಡಗಿದಾಗ.
ಕೆಳಗೆ ಹೊಸ ಒಬ್ಬೆ ಎಣ್ಣೆಗೆ ಬಿತ್ತು.