ಒಂದೇ ಅಂಕಿ

ವಿರಾಜಪೇಟೆ, ಬಸ್ ಸ್ಟ್ಯಾಂಡಿನ ಎದುರು, ಮೊದಲ ಮಹಡಿ.
ಫ್ಯಾನು ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ.
ಪರದೆ ಕಾಡಿಗೆಗಪ್ಪು.
ಬೋರ್ಡಿನ ಮೂಲೆಯಲ್ಲೊಂದು ಕೆಂಪು ದೀಪ
ಬಾಕಿ ವಸೂಲಿಗೆ ಬಂದವನಂತೆ ಕೂತಿದೆ.

"ಹಳೇ ರ‍್ಯಾಮು, ಹೊಸ ರ‍್ಯಾಮು,
ಎರಡರ ಮೇಲೂ ಒಂದೇ ಅಂಕಿ," ಎಂದ ಉತ್ತಯ್ಯ.
ಅಂಕಿ ಒಂದೇ, ಹೌದು.
ಜಾತಕ ಕೂಡಿದ ಮಾತ್ರಕ್ಕೆ ಸಂಸಾರವೇ ಮಾರಾಯ?

ಒಂದೊಂದನ್ನೇ ಕೂರಿಸಿದೆ: ಬದುಕಿತು.
ಜೊತೆಗೆ ಕೂರಿಸಿದೆ: ಸತ್ತಿತು.
ಮಗಳ ಜಾಮಿಟ್ರಿ ಪೆಟ್ಟಿಗೆಯ ರಬ್ಬರಿನಿಂದ
ಚಿನ್ನದ ಹಲ್ಲುಗಳನ್ನು ತಿಕ್ಕಿದೆ.
ನಾಣ್ಯದಂಥ ಬ್ಯಾಟರಿ ಕಿತ್ತು
ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಕಾದೆ.
ಅದು ಎಲ್ಲ ಮರೆತು ಕಣ್ಣು ಬಿಟ್ಟಿತು.
ಇವನು ಮರೆಯಲಿಲ್ಲ.
ಮೂರು ಸಾವಿರದ ಆರುನೂರು!
ಏರಿಸಿದ. ಕತ್ತಲೆ.

ಅವನು ಸಿಗರೇಟಿಗೆ ಇಳಿದಾಗ
ಮೂರು ಸಾವಿರಕ್ಕೆ ತಂದೆ,
ವೋಲ್ಟೇಜು ಕೂದಲೆಳೆಯಷ್ಟು ಹೆಚ್ಚು.
ಒಂದು ಬೀಪ್.
ಬಿಕ್ಕಳಿಕೆ ನಿಂತ ಹಾಗೆ.

ಬಂದು ನೋಡಿದ. "ಇಷ್ಟೇನಾ?"

ಕೆಳಗೆ ಕಣ್ಣೂರಿನ ಬಸ್ಸು ಹೊರಟಿತ್ತು.
ಮಾಕುಟ್ಟದ ತಿರುವುಗಳನ್ನದು
ಎರಡನೇ ಗೇರಿನಲ್ಲೇ ಇಳಿಯುತ್ತದೆ, ದಿನಾ.
ಬಾಯಿಗೆ ಬಂತು. ಹೇಳಲಿಲ್ಲ.

ಕಾಸು ಎಣಿಸಿಕೊಟ್ಟು
ಡಬ್ಬ ತಬ್ಬಿಕೊಂಡು ಮೆಟ್ಟಿಲಿಳಿದ.
ರಾತ್ರಿ ಏರಿಸುತ್ತಾನೆ, ಗೊತ್ತು.

ಬ್ಯಾಟರಿ ಕೀಳುವ ಚಿಮಟವನ್ನು
ಮೇಜಿನ ಮೇಲೇ ಬಿಟ್ಟೆ.