ನಲವತ್ತೇಳರಲ್ಲಿ ಎಷ್ಟು

ಮಾಚೇನಹಳ್ಳಿ ಬಸ್ಸಿಳಿದು
ಕೂದಲಿಗಂಟಿದ ನೂಲಿನ ಧೂಳು ಕೊಡವಿ
ಲ್ಯಾಪ್‌ಟಾಪ್ ತೆರೆಯುತ್ತೇನೆ. ನಲವತ್ತೇಳು ಟ್ರ್ಯಾಕು.
ಆಗಲೇ ಅದರ ಫ್ಯಾನು ಏದುಸಿರು ಬಿಡುತ್ತಿದೆ,
ನನ್ನ ಸಂಗೀತಕ್ಕಿಂತ ಅದರದೇ ತಾಳ ಗಟ್ಟಿ.

ಒಂದೊಂದಕ್ಕೂ ಹೆಸರಿಟ್ಟಿದ್ದೇನೆ:
ಡುಮ್ ಒಂದು, ಡುಮ್ ಎರಡು, ಡುಮ್ ನಿಜವಾದ್ದು,
ಹಳೇ ಸೇತುವೆ ಕೆಳಗೆ ಏಪ್ರಿಲ್ ತುಂಗೆ,
ಕುಕ್ಕರ್ ಸೀಟಿ ಉಲ್ಟಾ,
ಬೇಡವೇನೋ,
ಬೇಡವೇನೋ ಎರಡು,
ಇರಲಿ.

ಲೈನಿನಲ್ಲಿ ನಾನು ಕಾಲರಿನವಳು.
ಒಂದು ಶರ್ಟಿಗೆ ನಲವತ್ತೆರಡು ಕೈ.
ಕಫ್ಫಿಗೆ ಹೊನ್ನವ್ವ, ಕಾಜಕ್ಕೆ ಸಫೂರಾ,
ಜೇಬಿನ ಬಾಯಿಗೆ ಹೆಸರೇ ಹೇಳದ ಆ ಹೊಸ ಹುಡುಗಿ.
ಇಸ್ತ್ರಿ ಮೇಜಿನ ಮೇಲೆ ಬಿದ್ದಾಗ ಅದು ಒಂದೇ ಶರ್ಟು,
ತೊಟ್ಟವನಿಗೆ ಲೆಕ್ಕ ಬೇಕಿಲ್ಲ. ಹೊಲಿಗೆ ಬಿಟ್ಟ ದಿನ
ಬಯ್ಯುವಾಗಷ್ಟೇ ನೆನಪಾಗುತ್ತದೆ, ಅಲ್ಲೊಂದು ಕೈ ಇತ್ತೆಂದು.
ಆ ಧೈರ್ಯದ ಮೇಲೇ ನಾನು ಸೇರಿಸುತ್ತ ಹೋದದ್ದು.

ಕೆಳಗೆ, ಟ್ಯಾಂಕ್ ಮೊಹಲ್ಲಾದ ಬೀದಿಗೆ ಮುಖ ಮಾಡಿ
ಮೈಕ್‌ಸೆಟ್ಟಿಟ್ಟಿರುವ ದಸ್ತಗೀರ್ ಸಾಬರದು ಬೇರೆ ಶಾಸ್ತ್ರ.
"ಎರಡು ಬಾಕ್ಸು, ಒಂದು ಹಾರನ್ನು.
ಮದುವೆಗೂ ಅದೇ, ಎಲೆಕ್ಷನ್ನಿಗೂ ಅದೇ.
ನಿನ್ನ ನಲವತ್ತೇಳೂ ಕೊನೆಗೆ
ಈ ಎರಡು ತೂತಲ್ಲೇ ಹೊರಗೆ ಬರಬೇಕಲ್ಲವೇನಮ್ಮಾ ರೋಜ್ಲಿನ್?"

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು. ಸರಿ.
ಆದರೆ ಹತ್ತನ್ನೂ ಕಟ್ಟಿ ನೋಡದೆ
ಮುತ್ತು ಯಾವುದೆಂದು ಹೇಳಿದವರುಂಟೇ?

ಇವತ್ತು ಒಂದೊಂದರದೇ ಬಾಯಿ ಮುಚ್ಚಿಸುತ್ತೇನೆ.
ಡುಮ್ ಎರಡು ಹೋಯಿತು, ಯಾರೂ ಅಳಲಿಲ್ಲ.
ಕುಕ್ಕರು ಹೋಯಿತು.
ಮೂರು ರಾತ್ರಿ ನಿದ್ದೆಗೆಟ್ಟು ತಿದ್ದಿದ
ಗಾಜಿನಂಥದೊಂದು ಪ್ಯಾಡಿತ್ತು, ಅದೂ ಹೋಯಿತು.
ಹೋದದ್ದೇ ತಡ, ಬಿಗಿ ರವಿಕೆಯ ಹುಕ್ಕು ಬಿಚ್ಚಿದವಳಂತೆ
ಉಳಿದದ್ದೆಲ್ಲ ಉಸಿರಾಡಿತು.
ಮೂರು ರಾತ್ರಿ! ನನಗೇ ನಾಚಿಕೆ.

ಇಪ್ಪತ್ತು. ಹದಿನಾರು. ಹದಿಮೂರು.
ಕೈ ಪಳಗಿತ್ತು, ನೋಡದೆ ಒತ್ತಿದೆ
ಬೇಡವೇನೋ ಎರಡನ್ನು,
ಕುಸಿಯಿತು.
ಎಲ್ಲವೂ ಇದ್ದಲ್ಲೇ ಇವೆ, ಆದರೆ
ಡುಮ್ ಬರೀ ಡುಮ್,
ತುಂಗೆ ಬರೀ ನೀರು.

ಏನಿತ್ತು ಅಂಥದ್ದು?
ಅದೊಂದನ್ನೇ ಬಿಟ್ಟು ಹೆಡ್‌ಫೋನು ಕಿವಿಗೊತ್ತಿ ಕೂತೆ.
ಏನೂ ಇಲ್ಲ.
ಗೇಟಿನಲ್ಲಿ ಕೊಡದೆ ಒಳಗೊಯ್ದ ಫೋನು
ಊಟದ ಬಿಡುವಿನಲ್ಲಿ, ಮೆಷಿನುಗಳೆಲ್ಲ ನಿಂತಾಗ
ಜೇಬೊಳಗೆ ತಾನಾಗಿ ತುಂಬಿಕೊಂಡ ನಾಲ್ಕು ನಿಮಿಷ.
ಟ್ಯೂಬ್‌ಲೈಟಿನ ಗುಂಯ್,
ಯಾರದೋ ಡಬ್ಬಿಯ ಮುಚ್ಚಳ ತಿರುಗಿದ್ದು,
ಹತ್ತಿರವೆಲ್ಲೋ ಸಫೂರಾ ಉಸ್ಸೆಂದು ಕೂತದ್ದು.

ಕಾಲರಿನೊಳಗೆ ಬಕ್ರಮ್ ಇಡುತ್ತೇವೆ,
ದಿನಕ್ಕೆ ಆರುನೂರು ಸಲ ಇಡುತ್ತೇನೆ.
ಹೊರಗೆ ಕಾಣದು. ಇಡದಿದ್ದರೆ
ಕಾಲರು ಕತ್ತಿನ ಸುತ್ತ ಒದ್ದೆ ಟವೆಲ್ಲು.
ಇಷ್ಟು ವರ್ಷ ಇಟ್ಟವಳಿಗೇ ಹೊಳೆದಿರಲಿಲ್ಲ.

ಹದಿಮೂರಕ್ಕೆ ನಿಲ್ಲಿಸಿ ಭಾನುವಾರ
ಪೆನ್‌ಡ್ರೈವು ಸಾಬರ ಕೈಗಿಟ್ಟೆ.
ರಿಪೇರಿಯಾದ ಹಾರನ್ನಿಗೆ ಅದೇ ಟೆಸ್ಟಿಂಗು.
ಎದುರಿನ ಮೊಟ್ಟೆ ಅಂಗಡಿಯವನು
ಎರಡು ನಿಮಿಷ ತಡೆದು ಕೇಳಿದ,
"ಹಾಡು ಯಾವಾಗ ಶುರು?"

ಸಾಬರು ತಲೆ ವಾಲಿಸಿ,
ಸ್ಕ್ರೂಡ್ರೈವರು ಹಾಗೇ ಹಿಡಿದು, ಬಹಳ ಹೊತ್ತು.
ಆಮೇಲೆ ತಾವೇ ವಾಲ್ಯೂಮು ಒಂಚೂರು ತಗ್ಗಿಸಿದರು:
"ಒಳಗೆ ಯಾರೋ ಊಟ ಮಾಡ್ತಾವ್ರೆ."

ಆ ರಾತ್ರಿ ಮೇಲೆ ಬಂದು
ಕುಕ್ಕರಿನ ಬಾಯಿ ಮತ್ತೆ ಬಿಚ್ಚಿದೆ.
ಹದಿನಾಲ್ಕು.