ಕ್ರಿಯಾಪದ ಬರುವ ತನಕ

ಸಭಾಂಗಣದ ಹಿಂಬದಿಗೆ ನಮ್ಮ ಗಾಜಿನ ಗೂಡು.
ಒಳಗೆ ಎರಡು ಕುರ್ಚಿ, ಎರಡು ಮೈಕು,
ಗುಡ್ರುನ್ ಹೆಚ್ಚಿಟ್ಟ ಅರ್ಧ ಸೇಬು.
ಅರ್ಧ ಗಂಟೆ ಅವಳು, ಅರ್ಧ ಗಂಟೆ ನಾನು.
ಕಿವಿಗೆ ಹೊಕ್ಕ ಜರ್ಮನ್ನು
ಬಾಯಿಂದ ಇಂಗ್ಲಿಷಾಗಿ ಹೊರಡಬೇಕು,
ನಡುವೆ ನಾನು ಇರಕೂಡದು.
ಸಂಬಳ ಕೊಡುವುದೇ ಅದಕ್ಕೆ.

ಹೊರಗೆ ವಾಷಿಂಗ್ಟನ್ನಿನ ಫೆಬ್ರವರಿ,
ಉಪ್ಪು ಚೆಲ್ಲಿದ ಹಿಮ,
ರಾಯಭಾರ ಕಚೇರಿಗಳ ಬಾವುಟಗಳು
ಒದ್ದೆಯಾಗಿ ಕಂಬಕ್ಕೆ ಅಂಟಿವೆ.
ಒಳಗೆ, ಬರ್ಲಿನ್ನಿನಿಂದ ಬಂದ ಉಪಮಂತ್ರಿ
ಡಾಕ್ಟರ್ ಫೋಲ್ಕರ್ಟ್ಸ್ ನೀರು ಕುಡಿದು
ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು.

ಮೂರನೇ ಸಾಲಿನಿಂದ ಎದ್ದವರು ಕರ್ನಲ್ ಹಾಲ್ಕಮ್,
ಓಹಾಯೋದವರು, ನಿವೃತ್ತರು.
ಎಂಬತ್ಮೂರರಲ್ಲಿ ಕೈಸರ್ಸ್‌ಲೌಟರ್ನಿನ ಕಾವಲಿಗಿದ್ದರಂತೆ,
ಅಲ್ಲಿಯ ಬೇಕರಿಯಾಕೆ ದಿನಾ
ಒಂದು ಬನ್ನು ಹೆಚ್ಚಿಗೆ ಹಾಕುತ್ತಿದ್ದಳಂತೆ.
"ಇಷ್ಟು ವರ್ಷ ನಿಮ್ಮ ಬಾಗಿಲು ಕಾದೆವು.
ನಾಳೆ ನಾವು ಕೂಗಿದರೆ
ಬರುತ್ತೀರೋ, ಇಲ್ಲವೋ?"

ಉಪಮಂತ್ರಿ ಶುರು ಮಾಡಿದರು:
ಇತಿಹಾಸ ನಮ್ಮ ಮೇಲೆ ಹೊರಿಸಿದ ಹೊಣೆಯ ಬೆಳಕಿನಲ್ಲಿ,
ಮಿತ್ರರು ನಮ್ಮಲ್ಲಿಟ್ಟ ನಂಬಿಕೆಯನ್ನು,
ಸಂಸತ್ತಿನ ಒಪ್ಪಿಗೆಗೆ ಒಳಪಟ್ಟು,
ಪೂರ್ವದ ನೆರೆಯವರ ಭಯವನ್ನೂ
ನಮ್ಮ ಜನರ ಭಯವನ್ನೂ

ಕ್ರಿಯಾಪದ ಇಲ್ಲ.
ನೂರಿಪ್ಪತ್ತು ತಲೆಗಳು ಗೂಡಿನತ್ತ ತಿರುಗಿವೆ,
ಕರ್ನಲ್ ಹೆಡ್‌ಫೋನು ತಟ್ಟಿ ನೋಡುತ್ತಾರೆ, ಕೆಟ್ಟಿತೇನೋ ಎಂದು.
ಇಂಗ್ಲಿಷಿಗೆ ಯಾವಾಗಲೂ ಅವಸರ,
ಮೊದಲು ಕೆಲಸ ಹೇಳು, ಕಾರಣ ಆಮೇಲೆ.
ನನಗೆ ಈ ಕಾಯುವುದು ಹೊಸದಲ್ಲ.
ನನ್ನ ಭಾಷೆಯಲ್ಲೂ ವಾಕ್ಯ
ಹೊಸಿಲ ತನಕ ಬಂದು, ಚಪ್ಪಲಿ ಬಿಟ್ಟು,
"ಬರುವುದು" ಎಂಬಲ್ಲಿಗೆ ಬಂದೂ
"ಇಲ್ಲ" ಎಂದು ತಿರುಗಿಬಿಡಬಹುದು.

ಅಡ್ಡಗೋಡೆ ಮೇಲೆ ದೀಪ, ಅಂತ ನಮ್ಮಲ್ಲಿ ಬೈಯುತ್ತಾರೆ.
ಗುಡ್ರುನ್‌ಗೆ ಒಬ್ಬಳು ಅತ್ತೆ ಗೋಡೆಯ ಆಚೆ,
ಒಬ್ಬಳು ಈಚೆ ಇದ್ದರು.
ಅಂಥವರು ದೀಪ ಇನ್ನೆಲ್ಲಿ ಇಡಬೇಕಿತ್ತು?

ಬಂತು ಕೊನೆಗೆ:
ತೂಗಬೇಕಾಗುತ್ತದೆ.

ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಅಲ್ಲಿ ಅದು ಬರೀ ತಕ್ಕಡಿ.
ಕನ್ನಡದಲ್ಲಿ ತೊಟ್ಟಿಲನ್ನೂ ತೂಗುತ್ತಾರೆ,
ಅಳು ನಿಲ್ಲಲಿ ಎಂದು.
ಈತ ತೂಗುತ್ತಿರುವುದು ಯಾವುದನ್ನ?
ಬ್ಯಾಡಗಿಯ ಮೆಣಸಿನಕಾಯಿ ಅಡತಿಯಲ್ಲಿ
ಸೀನುತ್ತ ಸೀನುತ್ತ ಸೋದರಮಾವ ಹೇಳುತ್ತಿದ್ದ,
"ಮುಳ್ಳ ನೋಡಬ್ಯಾಡ ತಂಗಿ,
ತೂಗಾಂವನ ಹೆಬ್ಬಟ್ಟ ನೋಡು."
ನೋಡಿದೆ. ಲೋಟದ ಅಂಚಿನ ಮೇಲಿತ್ತು,
ಉಗುರು ಕಚ್ಚಿ ಕಚ್ಚಿ ಗಿಡ್ಡವಾಗಿತ್ತು.

ಕೋಟು ಪಡೆಯುವ ಸಾಲಿನಲ್ಲಿ ಕರ್ನಲ್ ಕೇಳಿದರು,
"ಆತ ಹೌದು ಅಂದದ್ದೋ, ಅಲ್ಲ ಅಂದದ್ದೋ?"
ಗುಡ್ರುನ್ ನಕ್ಕಳು: ಯಾ ಮತ್ತು ನೈನ್ ಬೆರೆಸಿ
ನಮ್ಮಲ್ಲಿ ಯೈನ್ ಅಂತೀವಿ.
ಅವರು ನನ್ನತ್ತ ತಿರುಗಿದರು.
ಗೂಡಿನಿಂದ ಹೊರಗೆ ಬಂದಿದ್ದೆನಲ್ಲ,
ಕನ್ನಡದಲ್ಲೇ ಅಂದೆ: "ನೋಡೋಣ."
ತಿಳಿದವರಂತೆ ತಲೆಯಾಡಿಸಿದರು.

ಬಾಗಿಲಲ್ಲಿ ಉಪಮಂತ್ರಿಯ ಕಾರು ಬಂದಿರಲಿಲ್ಲ.
ಒಂದೇ ಮಾಡಿನ ಕೆಳಗೆ ನಿಂತು ಇಬ್ಬರೂ
ಆ ಬೇಕರಿ ಯಾವ ಬೀದಿಯದು ಎಂದು ವಾದಿಸುತ್ತಿದ್ದರು,
ಇಂಗ್ಲಿಷಿನಲ್ಲಿ, ಸಲೀಸಾಗಿ.
ನಾನು ಬೇಕಾಗಲಿಲ್ಲ.